ಲ್ಯಾಪ್‌ಟಾಪ್ ಬಿಚ್ಚಿ ಬಿಡಿಭಾಗ ಬದಲಾಯಿಸುವುದು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ, ಮಂಜೇಶ್ವರ ಕಡೆಯವರು ಅಂಗಡಿಯಲ್ಲಿ, ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಇದೇ ಕೆಲಸದ ಬಗ್ಗೆ ಮಲಯಾಳ, ಹಿಂದಿ, ಇಂಗ್ಲಿಷಿನಲ್ಲಿ ಬೇಕಾದಷ್ಟು ವಿಡಿಯೊ ಸಿಗುತ್ತವೆ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳೂ ಅವರ ಹೆತ್ತವರೂ ನಿಧಾನವಾಗಿ ಓದಿಕೊಂಡು, ಮೇಜಿನ ಮೇಲಿಟ್ಟು ಕೆಲಸ ಮಾಡಲು ಕನ್ನಡದಲ್ಲೇ ಒಂದು ಬರಹ ಬೇಕಿತ್ತು. ಹಳೆಯದಾಯಿತೆಂದು ಅಟ್ಟಕ್ಕೆ ಹೋಗುವ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಒಂದೆರಡು ಬಿಡಿಭಾಗ ಬದಲಾಯಿಸಿದರೆ ಇನ್ನೂ ಕೆಲವು ವರ್ಷ ಬಾಳುತ್ತವೆ. ಯಾವುದನ್ನು ಮನೆಯಲ್ಲೇ ಮುಟ್ಟಬಹುದು, ಎಲ್ಲಿ ಕೈ ನಿಲ್ಲಿಸಬೇಕು ಎಂಬುದು ಗೊತ್ತಿದ್ದರೆ ಸಾಕು.

## ಬಿಚ್ಚುವ ಮೊದಲು

ನನಗೆ ಎಲೆಕ್ಟ್ರಾನಿಕ್ಸ್ ಎಂತದೂ ಗೊತ್ತಿಲ್ಲ. ಆದರೂ ಬಿಚ್ಚಬಹುದಾ?

ರ‍್ಯಾಮ್ (ಕೆಲಸ ನಡೆಯುವಾಗಿನ ಮೆಮೊರಿ), ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಫೈಲ್ ಉಳಿಸುವ ಡಿಸ್ಕ್), ವೈಫೈ ಕಾರ್ಡ್, ಬ್ಯಾಟರಿ, ಫ್ಯಾನ್ ಬದಲಾಯಿಸಲು ಬೆಸುಗೆ ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಇವೆಲ್ಲ ಕನೆಕ್ಟರಿನಲ್ಲಿ ಕೂರುವ ಭಾಗಗಳು. ತಾಳ್ಮೆ, ಒಳ್ಳೆಯ ಬೆಳಕು, ಅವಸರವಿಲ್ಲದ ಒಂದು ಮಧ್ಯಾಹ್ನ ಇದ್ದರೆ ಮಾಡಬಹುದು. ಮೊದಲು ತಳಭಾಗದ ಲೇಬಲ್‌ನಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆ ಬರೆದುಕೊಳ್ಳಿ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ತಮ್ಮ ಹೆಚ್ಚಿನ ಮಾಡೆಲ್‌ಗಳ ಸರ್ವಿಸ್ ಮ್ಯಾನುಯಲ್ ಅನ್ನು ಉಚಿತವಾಗಿ ಕೊಡುತ್ತವೆ. ಯಾವ ಸ್ಕ್ರೂ ಎಲ್ಲಿ, ಯಾವ ಭಾಗ ಯಾವುದರ ನಂತರ ಬರುತ್ತದೆ ಎಂದು ಅದರಲ್ಲಿ ಚಿತ್ರಸಹಿತ ಇರುತ್ತದೆ. ಹೆಸರು ಒಂದೇ ಆಗಿದ್ದು ಸಂಖ್ಯೆಯ ಕೊನೆಯ ಎರಡಕ್ಷರ ಬೇರೆಯಾಗಿದ್ದರೂ ಒಳಗಿನ ಜೋಡಣೆ ಬೇರೆ ಇರಬಹುದು. ಹಾಗಾಗಿ ಯಾರದೋ ವಿಡಿಯೊಕ್ಕಿಂತ ಈ ಮ್ಯಾನುಯಲ್ ನಂಬಲರ್ಹ.

ವಾರಂಟಿ ಇನ್ನೂ ಉಂಟು. ಬಿಚ್ಚಿದರೆ ಹೋಗ್ತದಾ?

ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ನಿಯಮ ಬೇರೆ. ಕೆಲವರು ರ‍್ಯಾಮ್, ಡಿಸ್ಕ್ ಬದಲಾಯಿಸಲು ಬಿಡುತ್ತಾರೆ, ಆದರೆ ನೀವು ಮುರಿದದ್ದಕ್ಕೆ ಹೊಣೆಯಾಗುವುದಿಲ್ಲ. ಸ್ಕ್ರೂ ಮೇಲೆ ಸ್ಟಿಕ್ಕರ್ ಇದ್ದರೆ ಅದನ್ನು ಹರಿಯುವ ಮೊದಲು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿ. ವಾರಂಟಿ ಇರುವಾಗ ಬ್ಯಾಟರಿ, ಪರದೆ, ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಕೆಟ್ಟರೆ ನೀವಾಗಿ ಕೈ ಹಾಕಲೇಬೇಡಿ.

ಅಣ್ಣ ದುಬೈಯಿಂದ ತಂದದ್ದು. ಇಲ್ಲಿ ಇದರ ಪಾರ್ಟ್ಸ್ ಸಿಗ್ತದಾ?

ನಮ್ಮ ಜಿಲ್ಲೆಯ ಎಷ್ಟೋ ಮನೆಯವರು ಗಲ್ಫಿನಲ್ಲಿ ಇರುವುದರಿಂದ ಈ ಪ್ರಶ್ನೆ ಬಾರದ ವಾರವಿಲ್ಲ. ರ‍್ಯಾಮ್, ಎಸ್‌ಎಸ್‌ಡಿ, ವೈಫೈ ಕಾರ್ಡ್ ಎಲ್ಲ ದೇಶದಲ್ಲೂ ಒಂದೇ. ಬ್ಯಾಟರಿ ಮತ್ತು ಪರದೆಯನ್ನು ಪಾರ್ಟ್ ನಂಬರ್ ನೋಡಿ ತರಿಸಬಹುದು. ಅರೇಬಿಕ್ ಅಕ್ಷರದ ಕೀಬೋರ್ಡ್ ಬೇಡವಾದರೆ ಅದೇ ಮಾಡೆಲ್‌ನ ಅಮೆರಿಕನ್ ವಿನ್ಯಾಸದ್ದು ಕೊಳ್ಳಬಹುದು. ಆದರೆ ಎಂಟರ್ ಕೀಯ ಆಕಾರ ನೋಡಿಕೊಳ್ಳಿ. ಎದ್ದು ನಿಂತ ಎಂಟರ್ ಕೀ ಇದ್ದರೆ ಮೇಲಿನ ಚೌಕಟ್ಟಿನ ರಂಧ್ರವೇ ಬೇರೆ, ಅಡ್ಡ ಎಂಟರ್ ಕೀಬೋರ್ಡ್ ಅದರಲ್ಲಿ ಕೂರುವುದಿಲ್ಲ.

ಮೂರು ಚಪ್ಪಟೆ ಕಡ್ಡಿಯ ಪ್ಲಗ್‌ಗಾಗಿ ಇಡೀ ಅಡಾಪ್ಟರ್ ಬದಲಾಯಿಸುವುದು ಬೇಡ. ಗೋಡೆಯಿಂದ ಅಡಾಪ್ಟರ್‌ಗೆ ಬರುವ ವಯರ್ ಮಾತ್ರ ಬದಲಾಯಿಸಿದರೆ ಸಾಕು. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಅದು ಇಲ್ಲಿಗೂ ಸರಿ. ವಾರಂಟಿ ಇಲ್ಲಿ ನಡೆಯುತ್ತದೋ ಎಂದು ಸೀರಿಯಲ್ ನಂಬರ್ ಹಾಕಿ ಕಂಪನಿಯ ಜಾಲತಾಣದಲ್ಲೇ ನೋಡಬಹುದು.

ಶಾಲೆಯಿಂದ ಕೊಟ್ಟ ಲ್ಯಾಪ್‌ಟಾಪ್ ಸ್ಲೋ ಆಗಿದೆ. ನಾನೇ ರ‍್ಯಾಮ್ ಹಾಕಿ ಕೊಡಲಾ?

ಬೇಡ. ಕೈಟ್ (ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಮೂಲಕ ಶಾಲೆಗೆ ಬಂದದ್ದು ಸರ್ಕಾರದ ಸೊತ್ತು, ಅದರ ರಿಪೇರಿಗೆ ಬೇರೆ ವ್ಯವಸ್ಥೆ ಇರುತ್ತದೆ. ಶಾಲೆಯ ಐಟಿ ಹೊಣೆ ಹೊತ್ತ ಅಧ್ಯಾಪಕರಿಗೆ ತಿಳಿಸಿ.

ಸಲಕರಣೆ ಎಂತೆಲ್ಲ ಬೇಕು?

ಪಿಎಚ್-0 ಮತ್ತು ಪಿಎಚ್-00 ಅಳತೆಯ ಒಳ್ಳೆಯ ಸ್ಕ್ರೂಡ್ರೈವರ್. ಕೆಲವು ಮಾಡೆಲ್‌ಗಳಿಗೆ ನಕ್ಷತ್ರದ ತಲೆಯ ಟಿ-5 ಬೇಕು. ಮ್ಯಾಕ್‌ಬುಕ್‌ನ ತಳಕ್ಕೆ ಐದು ದಳದ ಪೆಂಟಲೋಬ್ ಬೇಕು. ಇದರಲ್ಲಿ ಹಣ ಉಳಿಸಬೇಡಿ. ಅಗ್ಗದ ಮೆತ್ತಗಿನ ತುದಿ ಸ್ಕ್ರೂವಿನ ತಲೆಯನ್ನು ಸವೆಸಿಬಿಟ್ಟರೆ ಅದನ್ನು ಬಿಚ್ಚುವುದೇ ಬೇರೆ ದೊಡ್ಡ ಕೆಲಸವಾಗುತ್ತದೆ. ತಳವನ್ನು ಬಿಡಿಸಲು ತೆಳ್ಳಗಿನ ಪ್ಲಾಸ್ಟಿಕ್ ಪಿಕ್ ಬೇಕು. ಚಾಕು, ಕಬ್ಬಿಣದ ಪಟ್ಟಿ ಬೇಡವೇ ಬೇಡ.

ಒಂದು ಬಿಳಿ ಹಾಳೆಯಲ್ಲಿ ಲ್ಯಾಪ್‌ಟಾಪ್ ತಳದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದರದೇ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಅದು ಕೀಬೋರ್ಡಿನ ಕಡೆಯಿಂದ ಉಬ್ಬಿ ಬರಬಹುದು, ಬೋರ್ಡನ್ನೂ ಚುಚ್ಚಬಹುದು.

ಕಾಣುವ ಸ್ಕ್ರೂ ಎಲ್ಲ ತೆಗೆದೆ, ತಳ ಬರುವುದೇ ಇಲ್ಲ. ಎಳೆಯಲಾ?

ಎಳೆಯಬೇಡಿ. ರಬ್ಬರ್ ಕಾಲುಗಳ ಅಡಿಯಲ್ಲಿ, ಲೇಬಲ್‌ನ ಕೆಳಗೆ ಸ್ಕ್ರೂ ಅಡಗಿರುತ್ತದೆ. ಹಳೆಯ ಮಾಡೆಲ್‌ನಲ್ಲಿ ಡಿವಿಡಿ ಡ್ರೈವ್ ಹೊರಗೆ ಎಳೆದ ಮೇಲೆ ಅಲ್ಲಿ ಒಳಬದಿಯಲ್ಲಿ ಪುಟ್ಟ ಸ್ಕ್ರೂಗಳು ಕಾಣುತ್ತವೆ. ಎಲ್ಲ ತೆಗೆದ ಮೇಲೂ ಸುತ್ತಲೂ ಪ್ಲಾಸ್ಟಿಕ್ ಕೊಂಡಿಗಳಿರುತ್ತವೆ. ಹಿಂಜಿನ (ಮುಚ್ಚಳ ಮಡಚುವ ಕೀಲಿನ) ಮೂಲೆಯಿಂದ ಪಿಕ್ ತೂರಿಸಿ ಮೆಲ್ಲ ಸರಿಸುತ್ತಾ ಹೋದರೆ ಟಕ್ ಟಕ್ ಎಂದು ಒಂದೊಂದೇ ಬಿಡುತ್ತದೆ. ಒಂದೇ ಜಾಗದಲ್ಲಿ ಗಟ್ಟಿಯಾಗಿ ಹಿಡಿದರೆ ಅಲ್ಲಿ ಇನ್ನೊಂದು ಸ್ಕ್ರೂ ಉಂಟೆಂದು ತಿಳಿಯಿರಿ.

ತಳ ತೆಗೆದೆ. ಈಗ ಮೊದಲು ಎಂತದು ಮುಟ್ಟಬೇಕು?

ಬ್ಯಾಟರಿಯ ಕನೆಕ್ಟರ್. ಬೇರೆ ಯಾವುದನ್ನೂ ಅದಕ್ಕಿಂತ ಮೊದಲು ಮುಟ್ಟಬಾರದು. ಅಡಾಪ್ಟರ್ ತೆಗೆದು, ಲ್ಯಾಪ್‌ಟಾಪ್ ಅನ್ನು ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿರಬೇಕು. ಕನೆಕ್ಟರನ್ನು ವಯರ್ ಹಿಡಿದು ಎಳೆಯದೆ, ಪ್ಲಾಸ್ಟಿಕ್ ತುದಿಯಿಂದ ಎರಡೂ ಬದಿಯಲ್ಲಿ ಸ್ವಲ್ಪ ಸ್ವಲ್ಪವೇ ಸರಿಸಿ. ಆಮೇಲೆ ಪವರ್ ಬಟನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ತೂ ಖಾಲಿಯಾಗುತ್ತದೆ. ಲೆನೊವೊದ ಥಿಂಕ್‌ಪ್ಯಾಡ್‌ಗಳಲ್ಲಿ ಬಯಾಸ್‌ಗೆ (ವಿಂಡೋಸ್ ಏಳುವ ಮೊದಲಿನ ಮೂಲ ಸೆಟ್ಟಿಂಗ್‌ಗೆ) ಹೋಗಿ ಒಳಗಿನ ಬ್ಯಾಟರಿಯನ್ನು ಮೊದಲೇ ನಿಷ್ಕ್ರಿಯಗೊಳಿಸುವ ಸೌಕರ್ಯವಿದೆ.

ಮೈಯಲ್ಲಿನ ಸ್ಥಿರ ವಿದ್ಯುತ್ತಿನ ಭಯ ನಮ್ಮ ಮಳೆಗಾಲದಲ್ಲಿ ಕಡಿಮೆ, ಧನು–ಮಕರದ ಒಣ ಗಾಳಿಯಲ್ಲಿ ಹೆಚ್ಚು. ಮಣಿಕಟ್ಟಿಗೆ ಕಟ್ಟುವ ಅರ್ತಿಂಗ್ ಪಟ್ಟಿ ಇದ್ದರೆ ಒಳ್ಳೆಯದು. ಇಲ್ಲವಾದರೆ ಬಿಡಿಭಾಗ ಮುಟ್ಟುವ ಮೊದಲು ಲ್ಯಾಪ್‌ಟಾಪ್ ಒಳಗಿನ ಲೋಹದ ಚೌಕಟ್ಟನ್ನು ಮುಟ್ಟಿ, ಕಾರ್ಡುಗಳನ್ನು ಅಂಚಿನಲ್ಲಿ ಹಿಡಿಯಿರಿ.

## ವೇಗ ಹೆಚ್ಚಿಸುವ ಕೆಲಸ

ಭಾರೀ ಸ್ಲೋ. ರ‍್ಯಾಮ್ ಹಾಕುವುದಾ, ಎಸ್‌ಎಸ್‌ಡಿ ಹಾಕುವುದಾ?

ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ, ಇದರಲ್ಲಿ ಎರಡು ಮಾತಿಲ್ಲ. ಲ್ಯಾಪ್‌ಟಾಪಿನ 5400 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಸಾಟಾ (ಹಾರ್ಡ್ ಡಿಸ್ಕ್ ಬಳಸುವ ಅದೇ ಬಗೆಯ ಜೋಡಣೆಯ) ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ. ಅದಕ್ಕಿಂತ ಮುಖ್ಯವಾದದ್ದು, ನೂರಾರು ಸಣ್ಣ ಫೈಲ್ ಹುಡುಕುವಾಗ ತಿರುಗುವ ತಟ್ಟೆಗೆ ಕಾಯುವ ಪ್ರಮೇಯವೇ ಇರುವುದಿಲ್ಲ. ಈಗಾಗಲೇ ಎಸ್‌ಎಸ್‌ಡಿ ಇದ್ದು, ಬ್ರೌಸರ್‌ನಲ್ಲಿ ನಾಲ್ಕೈದು ಪುಟ ತೆರೆದ ಕೂಡಲೇ ತಡವರಿಸಿದರೆ ಅದು ರ‍್ಯಾಮ್ ಕೊರತೆ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಶೇ. 90 ಸುತ್ತ ನಿಂತಿದೆಯೇ, ಡಿಸ್ಕ್ ಶೇ. 100 ನಿಂತಿದೆಯೇ ನೋಡಿ, ಆಮೇಲೆ ಹಣ ಖರ್ಚು ಮಾಡಿ.

ಇನ್ನೊಂದು ವಿಷಯ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಮತ್ತು ಅದರ ನಂತರದ ಪ್ರೊಸೆಸರ್‌ಗೆ ಮಾತ್ರ ವಿಂಡೋಸ್ 11 ಅಧಿಕೃತವಾಗಿ ಬರುತ್ತದೆ. ಅದಕ್ಕಿಂತ ಹಳೆಯದಕ್ಕೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಅಳವಡಿಸಿ. ನಮ್ಮ ಮಕ್ಕಳು ಶಾಲೆಯಲ್ಲಿ ಕೈಟ್‌ನ ಲಿನಕ್ಸನ್ನೇ ಕಲಿಯುವುದರಿಂದ ಮನೆಯಲ್ಲೂ ಅದು ಹೊಸತಾಗುವುದಿಲ್ಲ.

ನನ್ನದಕ್ಕೆ ಯಾವ ರ‍್ಯಾಮ್ ಸರಿಯಾಗ್ತದೆ?

ಮೊದಲು ಖಾಲಿ ಸ್ಲಾಟ್ ಉಂಟೋ ನೋಡಿ. ತೆಳ್ಳಗಿನ ಹಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಸೇರಿಸಲು ಬರುವುದಿಲ್ಲ. ಸ್ಲಾಟ್ ಇದ್ದರೆ ತಲೆಮಾರು (ಡಿಡಿಆರ್ ಸಂಖ್ಯೆ) ನೋಡಬೇಕು. ಲ್ಯಾಪ್‌ಟಾಪ್‌ನ ಡಿಡಿಆರ್3ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262. ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ, ಒತ್ತಿ ನೋಡಬೇಡಿ. ಡಿಡಿಆರ್3 ಕಾಲದವರು ವೋಲ್ಟೇಜನ್ನೂ ಗಮನಿಸಬೇಕು: 1.35 ವೋಲ್ಟ್ ಮಾತ್ರ ಕೊಡುವ ಬೋರ್ಡಿನಲ್ಲಿ 1.5 ವೋಲ್ಟಿನದ್ದು ಏಳುವುದಿಲ್ಲ.

ಹಾಕುವಾಗ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಬೇಕು. ಎರಡೂ ಬದಿಯ ಕೊಕ್ಕೆ ಕಚ್ಚಿಕೊಳ್ಳಬೇಕು. ಚಿನ್ನದ ಬಣ್ಣದ ಪಟ್ಟಿ ಹೊರಗೆ ಹೆಚ್ಚು ಕಂಡರೆ ಇನ್ನೂ ಕೂತಿಲ್ಲ ಎಂದರ್ಥ.

ರ‍್ಯಾಮ್ ಹಾಕಿ ಆನ್ ಮಾಡಿದೆ, ಸ್ಕ್ರೀನ್ ಕಪ್ಪು. ಹಾಳಾಯ್ತಾ?

ಒಂದೆರಡು ನಿಮಿಷ ಕಾಯಿರಿ. ಹೊಸ ರ‍್ಯಾಮ್ ಕಂಡಾಗ ಬೋರ್ಡ್ ಅದರ ಜೊತೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ, ಡಿಡಿಆರ್5ನಲ್ಲಿ ಇನ್ನೂ ಹೆಚ್ಚು. ಆಮೇಲೂ ಬಾರದಿದ್ದರೆ ಬ್ಯಾಟರಿ ಬಿಡಿಸಿ, ರ‍್ಯಾಮ್ ತೆಗೆದು ಮತ್ತೆ ಕೂರಿಸಿ. ನಂತರ ಹಳೆಯದೊಂದನ್ನೇ ಹಾಕಿ ನೋಡಿ. ಅದರಲ್ಲಿ ಎದ್ದರೆ ಹೊಸತನ್ನು ಅಂಗಡಿಗೆ ಹಿಂದೆ ಕೊಡಿ.

ಎಸ್‌ಎಸ್‌ಡಿಯಲ್ಲಿ ಇಷ್ಟು ಬಗೆ ಉಂಟು. ಯಾವುದು ತರಲಿ?

ತಳ ಬಿಚ್ಚಿ ನೋಡಿಯೇ ತನ್ನಿ. ಹಾರ್ಡ್ ಡಿಸ್ಕ್ ಜಾಗಕ್ಕೆ 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ. ಉದ್ದನೆಯ ಪಟ್ಟಿಯಂಥ ಎಂ.2 ಜಾಗವಿದ್ದರೆ ಉದ್ದ ಅಳೆಯಬೇಕು: 2280 ಎಂದರೆ 22 ಮಿಲಿಮೀಟರ್ ಅಗಲ, 80 ಉದ್ದ. 2242, 2230 ಕೂಡ ಇವೆ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಒಳಗಿನ ಜೋಡಣೆ ಸಾಟಾ ಇರಬಹುದು, ಅದಕ್ಕಿಂತ ವೇಗದ ಎನ್‌ವಿಎಂಇ ಇರಬಹುದು. ಸಾಟಾ ಮಾತ್ರ ಒಪ್ಪುವ ಸ್ಲಾಟಿಗೆ ಎನ್‌ವಿಎಂಇ ತಂದು ಮಂಗಳೂರಿಗೆ ಮತ್ತೊಮ್ಮೆ ಬಸ್ಸು ಹತ್ತುವವರು ಬಹಳ ಮಂದಿ. ಎಂ.2 ಕೊನೆಯನ್ನು ಹಿಡಿಯುವ ಪುಟ್ಟ ಸ್ಕ್ರೂ ಎಷ್ಟೋ ಸಲ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ, ಅದನ್ನೂ ಕೇಳಿ ತನ್ನಿ.

ಡಿಸ್ಕ್ ಬದಲಾಯಿಸಿದರೆ ಫೋಟೊ, ವಿಂಡೋಸ್ ಎಲ್ಲ ಎಂತ ಆಗ್ತದೆ?

ಫೋಟೊ ಹಳೆಯ ಡಿಸ್ಕಿನಲ್ಲೇ ಉಳಿಯುತ್ತದೆ. ಕೆಲಸ ಶುರು ಮಾಡುವ ಮೊದಲೇ ಬೇರೊಂದು ಕಡೆ ನಕಲು ಮಾಡಿಕೊಳ್ಳಿ. ಕ್ಲೋನೆಝಿಲ್ಲಾದಂಥ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕನ್ನೇ ಹೊಸದಕ್ಕೆ ಇಳಿಸಬಹುದು. ಆದರೆ ಹಳೆಯ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್‌ಗಳಿದ್ದರೆ ಹೊಸತಾಗಿ ವಿಂಡೋಸ್ ಹಾಕುವುದೇ ಮೇಲು. ಲ್ಯಾಪ್‌ಟಾಪ್ ಜೊತೆಗೇ ಬಂದ ಅಸಲಿ ವಿಂಡೋಸ್ 10 ಅಥವಾ 11 ಆದರೆ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಅದೇ ಆವೃತ್ತಿ ಹಾಕಿ ಇಂಟರ್‌ನೆಟ್ ಸಿಕ್ಕಿದಾಗ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ, ಮತ್ತೆ ಹಣ ಕೊಡಬೇಕಿಲ್ಲ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಡಿಸ್ಕ್ ಬೀಗ ಬಿದ್ದಿರಬಹುದು. ಬಯಾಸ್ ಅಥವಾ ಬೋರ್ಡ್ ಬದಲಾವಣೆಯಾದರೆ 48 ಅಂಕಿಯ ಸಂಖ್ಯೆ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಲ್ಯಾಪ್‌ಟಾಪ್ ಅಂಗಡಿಯವನೇ ಮಾಡಿಕೊಟ್ಟ ಖಾತೆ, ಪಾಸ್‌ವರ್ಡ್ ಮರೆತ ಖಾತೆ ಆಗಿದ್ದರೆ ಇಂದೇ ಸರಿಪಡಿಸಿ. ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಆಧಾರ್, ರೇಷನ್ ಕಾರ್ಡ್ ಇಡುವಲ್ಲೇ ಇಡಿ.

## ಬಿಸಿ, ಧೂಳು, ಬ್ಯಾಟರಿ

ಫ್ಯಾನ್ ಜೋರು ಶಬ್ದ, ಕೈ ಇಡಲಾಗದಷ್ಟು ಬಿಸಿ. ಪೇಸ್ಟ್ ಬದಲಾಯಿಸಬೇಕಾ?

ಮೊದಲು ಧೂಳು ತೆಗೆಯಿರಿ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ನಡೆದ ಬದಿಯ ಮನೆಗಳಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ, ಕೆಂಪುಕಲ್ಲಿನ ಕೋರೆಗಳ ಹತ್ತಿರದವರದ್ದರಲ್ಲಿ, ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ದಪ್ಪ ಬಟ್ಟೆಯ ಹಾಗೆ ಕೂತಿರುತ್ತದೆ. ಗಾಳಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ಚಿಪ್ಪಿನ ಬಿಸಿಯನ್ನು ದಾಟಿಸುವ ಪೇಸ್ಟ್ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಮೆತ್ತನೆಯ ಬ್ರಷ್ ಮತ್ತು ಗಾಳಿ ಸಾಕು. ಗಾಳಿ ಬಿಡುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಆಮೇಲೂ ಬಿಸಿ ಇಳಿಯದಿದ್ದರೆ ಪೇಸ್ಟ್. ಹೀಟ್‌ಸಿಂಕ್‌ನ (ಚಿಪ್ಪಿನ ಬಿಸಿ ಹೀರುವ ಲೋಹದ ಭಾಗದ) ಸ್ಕ್ರೂಗಳ ಪಕ್ಕದಲ್ಲಿ ಸಾಮಾನ್ಯವಾಗಿ 1, 2, 3, 4 ಎಂದು ಬರೆದಿರುತ್ತದೆ. ಬಿಗಿಯುವಾಗ ಆ ಕ್ರಮ, ಬಿಚ್ಚುವಾಗ ಅದರ ಉಲ್ಟಾ, ಪ್ರತಿ ಸಲ ಸ್ವಲ್ಪ ಸ್ವಲ್ಪ. ಒಂದನ್ನೇ ಪೂರ್ತಿ ಬಿಗಿದರೆ ಚಿಪ್ಪಿನ ಗಾಜಿನಂಥ ಮೂಲೆ ಒಡೆಯುವ ಅಪಾಯವಿದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸತನ್ನು ಚಿಪ್ಪಿನ ಮೇಲಷ್ಟೇ ತೆಳ್ಳಗೆ ಹಚ್ಚಿ. ಬೇರೆ ಚಿಪ್‌ಗಳ ಮೇಲಿನ ಮೆತ್ತನೆಯ ಪ್ಯಾಡ್ ಹರಿದರೆ ಅಷ್ಟೇ ದಪ್ಪದ್ದು ಹಾಕಬೇಕು. ಅಲ್ಲಿ ಪೇಸ್ಟ್ ತುಂಬಿಸಿದರೆ ಅಂತರ ಮುಚ್ಚುವುದಿಲ್ಲ.

ಟಚ್‌ಪ್ಯಾಡ್ ಮೇಲೆ ಎದ್ದಿದೆ, ಕ್ಲಿಕ್ ಆಗುವುದಿಲ್ಲ. ಟಚ್‌ಪ್ಯಾಡ್ ಬದಲಾಯಿಸಬೇಕಾ?

ಬಹುಮಟ್ಟಿಗೆ ಅದು ಉಬ್ಬಿದ ಬ್ಯಾಟರಿ. ಈ ಕ್ಷಣವೇ ಚಾರ್ಜ್ ಹಾಕುವುದನ್ನು ನಿಲ್ಲಿಸಿ, ಆಫ್ ಮಾಡಿ. ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಲ್ಯಾಪ್‌ಟಾಪ್ ಮುಚ್ಚಿ ಮೇಲೆ ಪುಸ್ತಕ ಇಡಬೇಡಿ. ಒಳಗಿನ ಪದರಗಳು ತಾಗಿಕೊಂಡರೆ ಬೆಂಕಿ ಹಿಡಿಯುತ್ತದೆ, ಆ ಬೆಂಕಿ ಸುಲಭಕ್ಕೆ ಆರುವುದಿಲ್ಲ. ಅದು ಬರೀ ಸ್ಕ್ರೂವಿನಲ್ಲಿ ನಿಂತಿದ್ದರೆ ಮೆಲ್ಲ ತೆಗೆಯಬಹುದು. ಅಂಟಿನಲ್ಲಿ ಅಂಟಿದ್ದರೆ ಮನೆಯಲ್ಲಿ ಎಬ್ಬಿಸಲು ಹೋಗಬೇಡಿ, ಅಂಗಡಿಗೆ ಕೊಡಿ. ತೆಗೆದ ಬ್ಯಾಟರಿಯನ್ನು ಮನೆಯ ಹೊರಗೆ, ಉರಿಯುವ ವಸ್ತು ಇಲ್ಲದ ಕಡೆ, ಒಣ ಮರಳು ಹಾಕಿದ ಮಣ್ಣಿನ ಅಥವಾ ಲೋಹದ ಪಾತ್ರೆಯಲ್ಲಿ ಇಡಿ. ತೋಟದ ಮೂಲೆಗೆ ಎಸೆಯುವುದು, ಕಸದೊಂದಿಗೆ ಸುಡುವುದು ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದ್ದು. ಇ-ತ್ಯಾಜ್ಯವನ್ನು ಯಾವಾಗ ಒಯ್ಯುತ್ತಾರೆಂದು ನಿಮ್ಮ ವಾರ್ಡಿನ ಹರಿತ ಕರ್ಮ ಸೇನೆಯವರನ್ನು ಕೇಳಿ. ಕೊಡುವಾಗ ಅದು ಉಬ್ಬಿದ್ದೆಂದು ಹೇಳಿಯೇ ಕೊಡಿ.

ಗಲ್ಫಿನಿಂದ ಬರುವವರ ಹತ್ತಿರ ಬ್ಯಾಟರಿ ತರಿಸಬಹುದಾ?

100 ವಾಟ್-ಅವರ್ ಮೀರದ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿ ಮಾತ್ರ ತರಬಹುದು, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಕನೆಕ್ಟರಿಗೆ ಟೇಪ್ ಸುತ್ತಿರಬೇಕು. ಹೆಚ್ಚಿನ ಲ್ಯಾಪ್‌ಟಾಪ್ ಬ್ಯಾಟರಿಗಳು ಈ ಮಿತಿಯೊಳಗೇ ಇರುತ್ತವೆ, ಅಂಕಿ ಅದರ ಮೇಲೆಯೇ ಇರುತ್ತದೆ. ಹೊರಡುವ ಮೊದಲು ವಿಮಾನ ಕಂಪನಿಯ ನಿಯಮವನ್ನೂ ನೋಡಲಿ.

## ಕೀಬೋರ್ಡ್, ಪರದೆ, ಹಿಂಜ್

ಕೀಬೋರ್ಡಿನ ನಾಲ್ಕು ಅಕ್ಷರ ಬರುವುದಿಲ್ಲ. ಬದಲಾಯಿಸುವುದು ಕಷ್ಟವಾ?

ಹಳೆಯ ಮಾಡೆಲ್‌ನಲ್ಲಿ ಸುಲಭ: ಒಂದೆರಡು ಸ್ಕ್ರೂ, ಒಂದು ಪಟ್ಟಿ ಕೇಬಲ್. ಹೊಸತರಲ್ಲಿ ಬೋರ್ಡ್, ಬ್ಯಾಟರಿ, ಫ್ಯಾನ್ ಎಲ್ಲ ತೆಗೆದ ಮೇಲೆ ಕೀಬೋರ್ಡ್ ಸಿಗುತ್ತದೆ, ಅದೂ ಕರಗಿಸಿ ಕೂರಿಸಿದ ಪ್ಲಾಸ್ಟಿಕ್ ಮೊಳೆಗಳಲ್ಲಿ. ಅಂಥದ್ದಕ್ಕೆ ಮೇಲಿನ ಕವಚದ ಸಮೇತ ಬರುವ ಕೀಬೋರ್ಡ್ ತರುವುದೇ ಜಾಣತನ. ಪಟ್ಟಿ ಕೇಬಲ್ ಎಳೆಯುವ ಮೊದಲು ಬೀಗ ನೋಡಿ. ಕೆಲವಕ್ಕೆ ಮೇಲೆತ್ತುವ ಮುಚ್ಚಳ, ಕೆಲವಕ್ಕೆ ಹೊರಗೆ ಸರಿಯುವ ಪಟ್ಟಿ. ಬೆಳಕಿರುವ ಕೀಬೋರ್ಡಿಗೆ ಇನ್ನೊಂದು ಪುಟ್ಟ ಕೇಬಲ್ ಇರುತ್ತದೆ.

ಸ್ಕ್ರೀನ್ ಹೋಗಿದೆ. ನೇರ ಹೊಸತು ತರಿಸಲಾ?

ತಡೆಯಿರಿ. ಎಚ್‌ಡಿಎಂಐ ಮೂಲಕ ಟಿವಿಗೆ ಹಾಕಿ ನೋಡಿ. ಅಲ್ಲಿ ಸರಿ ಬಂದರೆ ಬೋರ್ಡ್ ಚೆನ್ನಾಗಿದೆ. ಮುಚ್ಚಳ ಅಲ್ಲಾಡಿಸಿದಾಗ ಚಿತ್ರ ಬಂದು ಹೋಗಿ ಮಾಡಿದರೆ ಕೇಬಲ್ ಸವೆದಿದೆ, ಪರದೆಗಿಂತ ಅದು ಎಷ್ಟೋ ಅಗ್ಗ. ಒಡೆದಿದ್ದರೆ ಪರದೆಯ ಹಿಂಬದಿಯ ಸ್ಟಿಕ್ಕರಿನ ಸಂಖ್ಯೆ ನೋಡಿ ತರಿಸಿ. ಲ್ಯಾಪ್‌ಟಾಪ್ ಮಾಡೆಲ್ ಹೆಸರಿನಿಂದ ತರಿಸಿದರೆ 30 ಪಿನ್ ಜಾಗಕ್ಕೆ 40 ಪಿನ್ ಬರಬಹುದು. ಬ್ಯಾಟರಿ ಬಿಡಿಸದೆ ಪರದೆಯ ಕೇಬಲ್ ಹಾಕಿ ತೆಗೆದು ಮಾಡಿದರೆ ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸ್ ಸುಡಬಹುದು. ಆಗ ಹೊಸ ಪರದೆಯೂ ಕತ್ತಲಾಗಿಯೇ ಕಾಣುತ್ತದೆ.

ಮುಚ್ಚಳ ತೆರೆಯುವಾಗ ಮೂಲೆ ಬಾಯಿ ಬಿಡ್ತದೆ. ಫೆವಿಕ್ವಿಕ್ ಹಾಕಲಾ?

ಬೇಡ. ಹಿಂಜ್ ಬಿಗಿಯಾಗಿ, ಅದರ ಸ್ಕ್ರೂ ಹಿಡಿದಿರುವ ಹಿತ್ತಾಳೆಯ ಕಣ್ಣುಗಳು ಪ್ಲಾಸ್ಟಿಕ್ಕಿನಿಂದ ಕಿತ್ತು ಬರುತ್ತಿವೆ. ಮೊದಲು ಹಿಂಜಿನ ನಟ್ಟನ್ನು ಸ್ವಲ್ಪ ಸಡಿಲಿಸಬೇಕು. ಆಮೇಲೆ ಎರಡು ಟ್ಯೂಬಿನ ಎಪಾಕ್ಸಿಯಲ್ಲಿ ಕಣ್ಣುಗಳನ್ನು ಕೂರಿಸಿ ಒಂದು ದಿನ ಒಣಗಲು ಬಿಡಬೇಕು. ಬಿಗಿ ಹಾಗೆಯೇ ಉಳಿದರೆ ಯಾವ ಅಂಟೂ ನಿಲ್ಲುವುದಿಲ್ಲ.

## ಮಳೆ, ಮಿಂಚು, ಚೆಲ್ಲಿದ ಚಹಾ

ಮಳೆಗಾಲದಲ್ಲಿ ಇರುವೆ ಒಳಗೆ ಹೋಗಿದೆ. ಹಿಟ್ ಹೊಡೆಯಬಹುದಾ?

ಹೊಡೆಯಬೇಡಿ. ಆ ದ್ರವ ಪರದೆಗೂ ಪ್ಲಾಸ್ಟಿಕ್ಕಿಗೂ ಕೆಟ್ಟದು, ಬಿಸಿಯಾದ ಬೋರ್ಡಿನ ಬಳಿ ಬೆಂಕಿಯ ಭಯವೂ ಉಂಟು. ಆಫ್ ಮಾಡಿ, ತಳ ಬಿಚ್ಚಿ, ಬ್ಯಾಟರಿ ಬಿಡಿಸಿ ಬ್ರಷ್‌ನಿಂದ ತೆಗೆಯಿರಿ. ಮೊಟ್ಟೆಗಳು ಹೆಚ್ಚಾಗಿ ಫ್ಯಾನಿನ ಬದಿಯಲ್ಲಿ, ಕೀಬೋರ್ಡಿನ ಅಡಿಯಲ್ಲಿ ಸಿಗುತ್ತವೆ. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಹಚ್ಚಿದ ಬ್ರಷ್‌ನಿಂದ ಉಜ್ಜಿ. ಆಟಿ ತಿಂಗಳ ಮಳೆಯಲ್ಲಿ ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ಚೀಲದಲ್ಲಿ ಮುಚ್ಚಿಡಬೇಡಿ. ದಿನಾ ಸ್ವಲ್ಪ ಹೊತ್ತು ಚಲಾಯಿಸಿದರೆ ಅದರ ಬಿಸಿಯೇ ತೇವ ಆರಿಸುತ್ತದೆ.

ಚಹಾ ಚೆಲ್ಲಿತು. ಅಕ್ಕಿಯಲ್ಲಿ ಇಟ್ಟರೆ ಸರಿಯಾಗ್ತದಾ?

ಇಲ್ಲ. ಅಕ್ಕಿಯ ಧೂಳು ಇನ್ನೊಂದು ತೊಂದರೆ. ಅಡಾಪ್ಟರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಕೀಬೋರ್ಡ್ ಕೆಳಮುಖವಾಗಿ ಇಡಿ. ಸಾಧ್ಯವಾದಷ್ಟು ಬೇಗ ಬ್ಯಾಟರಿ ಬಿಡಿಸಿ. ಹಾಳು ಮಾಡುವುದು ನೀರಿಗಿಂತ ಹೆಚ್ಚಾಗಿ ವಿದ್ಯುತ್ ಹರಿಯುತ್ತಿರುವಾಗ ಆಗುವ ಕಿಲುಬು. ಹಾಲು, ಸಕ್ಕರೆ, ಬೊಂಡದ ನೀರಿನ ಉಪ್ಪು ಒಣಗಿದ ಮೇಲೂ ಬೋರ್ಡಿನಲ್ಲಿ ಉಳಿದು ತಿನ್ನುತ್ತವೆ, ಹಾಗಾಗಿ ಬೋರ್ಡನ್ನು ಐಸೊಪ್ರೊಪೈಲ್‌ನಿಂದ ತೊಳೆಯಲೇಬೇಕು. «ಒಣಗಿದೆಯೋ ನೋಡುವ» ಎಂದು ಆನ್ ಮಾಡುವ ಆಸೆಯನ್ನು ತಡೆದುಕೊಂಡರೆ ಅರ್ಧ ಲ್ಯಾಪ್‌ಟಾಪ್ ಉಳಿದಂತೆ.

ಚಾರ್ಜಿಗೆ ಹಾಕಿದಾಗ ಮುಟ್ಟಿದರೆ ಜುಮ್ ಅನ್ನುತ್ತದೆ. ಒಳಗೆ ಶಾರ್ಟಾ?

ಲೋಹದ ಮೈಯ ಲ್ಯಾಪ್‌ಟಾಪಿನಲ್ಲಿ ಅಡಾಪ್ಟರಿನ ಫಿಲ್ಟರ್ ಕೆಪಾಸಿಟರ್ ಮೂಲಕ ಬರುವ ಅತಿ ಸಣ್ಣ ಸೋರಿಕೆ ಇದು. ಮೂರು ಕಡ್ಡಿಯ ಪ್ಲಗ್‌ಗೂ ಹೀಗಾದರೆ ಮನೆಯ ಅರ್ತಿಂಗ್ ಸರಿಯಿಲ್ಲದಿರಬಹುದು, ಎಲೆಕ್ಟ್ರೀಷಿಯನ್ ಕರೆಸಿ. ನಿಜವಾದ ಶಾಕ್ ಹೊಡೆದರೆ ಆ ಅಡಾಪ್ಟರ್ ಮತ್ತೆ ಬಳಸಬೇಡಿ.

ಮಿಂಚಿನ ಮಾತೂ ಇಲ್ಲೇ ಹೇಳಬೇಕು. ಮಳೆಗಾಲಕ್ಕೆ ಮೊದಲಿನ ವಾರಗಳಲ್ಲಿ, ತುಲಾ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಅಡಾಪ್ಟರನ್ನೂ ನೆಟ್‌ವರ್ಕ್ ಕೇಬಲನ್ನೂ ಎರಡನ್ನೂ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಮದರ್‌ಬೋರ್ಡ್ ಹೋಗಿದೆ ಅಂದರು. ಇನ್ನು ಗುಜರಿಗೆ ಹಾಕುವುದಾ?

ಚಿಪ್ ಮಟ್ಟದ ರಿಪೇರಿ ಮಾಡುವವರ ಹತ್ತಿರ ಒಮ್ಮೆ ತೋರಿಸಿ. ಎಷ್ಟೋ ಸಲ ಚಾರ್ಜಿಂಗ್ ವಿಭಾಗದ ಒಂದು ಸಣ್ಣ ಭಾಗ ಮಾತ್ರ ಕೆಟ್ಟಿರುತ್ತದೆ. ಚಿಪ್ಪಿಗೆ ಬಿಸಿಗಾಳಿ ಹೊಡೆದು ಎಬ್ಬಿಸಿ ಕೊಟ್ಟದ್ದು ಹೆಚ್ಚು ದಿನ ಬಾಳುವುದಿಲ್ಲ, ಅದಕ್ಕೆ ದೊಡ್ಡ ಹಣ ಕೊಡಬೇಡಿ. ಲ್ಯಾಪ್‌ಟಾಪಿನ ಈಗಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೇಳಿದರೆ ನಾವು ಬೇಡ ಎನ್ನುತ್ತೇವೆ.

ಬಿಡುವುದಾದರೆ ರ‍್ಯಾಮ್, ಎಸ್‌ಎಸ್‌ಡಿ, ವೈಫೈ ಕಾರ್ಡ್, ಅಡಾಪ್ಟರ್ ತೆಗೆದಿಟ್ಟುಕೊಳ್ಳಿ. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿದರೆ ಒಳಗಿನದ್ದೆಲ್ಲ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಸಾಟಾ ಮತ್ತು ಎನ್‌ವಿಎಂಇಗೆ ಪೆಟ್ಟಿಗೆ ಬೇರೆ ಬೇರೆ, ಎರಡಕ್ಕೂ ಆಗುವುದೂ ಸಿಗುತ್ತದೆ. ಬಿಟ್‌ಲಾಕರ್ ಬಿದ್ದ ಡಿಸ್ಕಾದರೆ ಬೀಗದ ಗುಟ್ಟು ಸತ್ತ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿ ಉಳಿದಿರುವುದರಿಂದ 48 ಅಂಕಿ ಇಲ್ಲದೆ ತೆರೆಯುವುದಿಲ್ಲ. ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಸಂಗ್ರಹವೂ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಅಂಥದ್ದಾದರೆ ಬೋರ್ಡನ್ನು ಯಾರಿಗೂ ಕೊಡದೆ ಇಟ್ಟುಕೊಂಡು, ಡೇಟಾ ತೆಗೆಯುವವರನ್ನು ಮೊದಲು ವಿಚಾರಿಸಿ.